ಹಳೇ ಥಿಂಕ್‌ಪ್ಯಾಡ್ ಎಕ್ಸ್220: ಎಲ್ಲ ಸರಿಹೋಯ್ತು, ಬ್ಯಾಟರಿ ಒಂದು ಬಿಟ್ಟು

ಲೆನೊವೊದ ಈ ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ನನ್ನ ಕೈಗೆ ಬಂದದ್ದು 2017ರಲ್ಲಿ, ಬೆಂಗಳೂರಿನ ಎಸ್.ಪಿ. ರೋಡಿನ ಮಹಡಿ ಮೇಲಿನ ಒಂದು ಅಂಗಡಿಯಿಂದ, 11,000 ರೂಪಾಯಿಗೆ. ಸಾಗರದಲ್ಲಿ ಮನೆಯಲ್ಲೇ ಕೂತು ಹಳೇ ಪುಸ್ತಕಗಳನ್ನು ಯೂನಿಕೋಡ್‌ಗೆ ಟೈಪ್ ಮಾಡೋದು, ಕರಡು ತಿದ್ದೋದು ನನ್ನ ಕೆಲಸ. ಪುಟಕ್ಕೆ ಇಷ್ಟು ಅಂತ ದುಡ್ಡು. ಹೊಸ ಲ್ಯಾಪ್‌ಟಾಪಿಗೆ ಅರವತ್ತು ಸಾವಿರ ಹಾಕುವ ಶಕ್ತಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಇದನ್ನು ಬಿಡಲಾರದೆ ಇಟ್ಟುಕೊಂಡದ್ದು ಕೀಬೋರ್ಡಿಗಾಗಿ. ಏಳು ಸಾಲಿನ ಹಳೇ ಮಾದರಿಯದು. ಮರುವರ್ಷ ಬಂದ ಎಕ್ಸ್230ರಲ್ಲಿ ಇದನ್ನು ತೆಗೆದೇಬಿಟ್ಟರು. ಕೀಗಳು ಬೆರಳಿಗೆ ತಕ್ಕ ಹಾಗೆ ಸ್ವಲ್ಪ ತಗ್ಗಾಗಿವೆ, ಒತ್ತಿದರೆ ಒತ್ತಿದ್ದು ಗೊತ್ತಾಗುತ್ತದೆ. ಯಾವ ಕೀ ಒತ್ತಿದರೆ ಯಾವ ಕನ್ನಡ ಅಕ್ಷರ ಅನ್ನೋದಕ್ಕೆ ನಾನು ಬಳಸೋದು ಕೆ.ಪಿ. ರಾವ್ ಅವರ ಕೀಲಿವಿನ್ಯಾಸ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕು. ‘ಸ್ವಾತಂತ್ರ್ಯ’ ಅನ್ನೋ ಒಂದೇ ಪದಕ್ಕೆ ಮೂರು ಸಲ! ದಿನಕ್ಕೆ ಹದಿನೈದು ಪುಟ ಅಂದರೆ ನೀವೇ ಲೆಕ್ಕ ಹಾಕಿ. ಬೆರಳಿಗೆ ಜಾಗ ಗೊತ್ತಾಗಲಿ ಅಂತ ಎಫ್ ಕೀ ಮೇಲೆ ಒಂದು ಸಣ್ಣ ಗೆರೆ ಉಬ್ಬಿರುತ್ತಲ್ಲ, 2022ರ ಹೊತ್ತಿಗೆ ಅದು ಸವೆದು ನುಣ್ಣಗಾಗಿತ್ತು. ಪಕ್ಕದ ಜಿ ಕೀ ಮಾತ್ರ ಹೊಸದರ ಹಾಗೇ ಇತ್ತು. ಕೀಬೋರ್ಡ್ ಬದಲಿಸೋಕೆ ಅಂಗಡಿಗೆ ಹೋಗಲಿಲ್ಲ. ಯಾವ ಸ್ಕ್ರೂ ಬಿಚ್ಚಬೇಕು ಅಂತ ತಳದಲ್ಲೇ ಚಿತ್ರ ಹಾಕಿದ್ದಾರೆ. ಬಿಚ್ಚಿ, ಪರದೆ ಕಡೆ ತಳ್ಳಿ ಎತ್ತಿದರೆ ಒಂದೇ ಒಂದು ಕೇಬಲ್. ಊಟಕ್ಕೆ ಕುಕ್ಕರ್ ಇಟ್ಟು ಶುರು ಮಾಡಿದೆ, ಮೂರನೇ ಸೀಟಿ ಹೊತ್ತಿಗೆ ಮುಗಿದಿತ್ತು.

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕುವ, ಅದಕ್ಕಿಂತ ವೇಗದ ಡಿಸ್ಕ್) ಹಾಕಿದ್ದು 2019ರಲ್ಲಿ. ಪಕ್ಕದ ಮುಚ್ಚಳಕ್ಕೆ ಒಂದೇ ಸ್ಕ್ರೂ. ಹಳೇ ಡಿಸ್ಕ್ ಎಳೆದು ಹೊಸದು ತೂರಿಸೋದು, ಅಷ್ಟೇ. ಹಳೆಯದರಲ್ಲಿ ಆನ್ ಮಾಡಿ, ದೇವರಿಗೆ ದೀಪ ಹಚ್ಚಿ ಬರುವ ಹೊತ್ತಿಗೂ ಡಿಸ್ಕಿನ ಲೈಟು ಮಿಣಮಿಣ ಅನ್ನುತ್ತಲೇ ಇರುತ್ತಿತ್ತು. ಆಮೇಲೆ ಕುರ್ಚಿ ಎಳೆದು ಕೂರುವಷ್ಟರಲ್ಲಿ ರೆಡಿ. ಒಂದೇ ಒಂದು ಖರ್ಚು ಮಾಡಬಲ್ಲೆ ಅನ್ನುವವರು ಇದನ್ನೇ ಮಾಡಿ. ರ‍್ಯಾಮ್ ಆಮೇಲೆ. ಕಂಪನಿ ಲೆಕ್ಕದಲ್ಲಿ 8 ಜಿಬಿ ಮಿತಿ, ಆದರೆ 8ರ ಎರಡು ಹಾಕಿದರೆ 16 ತೆಗೆದುಕೊಳ್ಳುತ್ತದೆ. ನನ್ನ ಕೆಲಸಕ್ಕೆ 8 ಸಾಕಿತ್ತು ಅಂತ ಈಗ ಅನ್ನಿಸುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. 11 ಇದಕ್ಕೆ ಅಧಿಕೃತವಾಗಿ ಬರೋದಿಲ್ಲ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನೇ ಆಧರಿಸಿದ ಕನ್ನಡದ ಕಗಪ ಕೀಲಿವಿನ್ಯಾಸ ಅದರ ಸೆಟ್ಟಿಂಗ್ಸ್‌ನಲ್ಲೇ ಸಿಕ್ಕಿತು, ಬೇರೇನೂ ಇಳಿಸಿಕೊಳ್ಳಬೇಕಾಗಲಿಲ್ಲ.

ಇಲ್ಲಿವರೆಗೆ ಖುಷಿಯ ಮಾತು. ಈಗ ಬ್ಯಾಟರಿ.

ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟು ಹೇಳಿ ಹೋಗೋದಿಲ್ಲ. ಮೂಲ ಬ್ಯಾಟರಿ ಸತ್ತ ಮೇಲೆ 1,800 ರೂಪಾಯಿಗೆ ಒಂದು ‘ಕಂಪ್ಯಾಟಿಬಲ್’, ಅಂದರೆ ಬೇರೆಯವರು ತಯಾರಿಸಿದ್ದು, ತರಿಸಿದೆ. ನಾಲ್ಕು ತಿಂಗಳು ಚೆನ್ನಾಗಿತ್ತು. ಒಂದು ಸಂಜೆ ಶೇ. 38 ಅಂತ ತೋರಿಸುತ್ತಿದ್ದದ್ದು ಕಣ್ಣೆದುರೇ ಆರಿಹೋಯಿತು. ಸೇವ್ ಮಾಡದ ಎರಡು ಪುಟ ತಿದ್ದುಪಡಿ ಹೋಯಿತು; ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಮತ್ತೆ ಹೊಂದಿಸಿದೆ. ಅಂಗಡಿಯವರಿಗೆ ಫೋನ್ ಮಾಡಿದರೆ, “ಮೇಡಂ, ಬ್ಯಾಟರಿಗೆಲ್ಲ ವಾರಂಟಿ ಬರಲ್ಲ” ಅಂದರು. ಬಿಲ್ಲಿನಲ್ಲಿ ಆರು ತಿಂಗಳು ಅಂತ ಬರೆದಿತ್ತು. ಬೇರೆ ಕಡೆ ಇನ್ನೊಂದು ಕೊಂಡೆ, ಅದರದ್ದೂ ಅದೇ ಕತೆ.

ಕಾರಣ ಆಮೇಲೆ ತಿಳಿಯಿತು. ಆರು ಸೆಲ್ಲಿನ ಬ್ಯಾಟರಿ ಅಂದರೆ ಎರಡೆರಡು ಸೆಲ್ಲಿನ ಮೂರು ಜೋಡಿ, ಒಂದರ ಹಿಂದೆ ಒಂದು. ಮೂರರಲ್ಲಿ ಒಂದು ಜೋಡಿ ಸೋತರೂ ಒಳಗಿನ ಸರ್ಕ್ಯೂಟ್ ಪೂರ್ತಿ ಬಂದ್ ಮಾಡುತ್ತದೆ, ಉಳಿದೆರಡರಲ್ಲಿ ಚಾರ್ಜ್ ಇದ್ದರೂ. ಕಂಡಕಂಡ ಸೆಲ್ಲು ಕೂಡಿಸಿ ಕಟ್ಟಿದರೆ ಹೀಗೇ ಆಗೋದು. “ಒರಿಜಿನಲ್, ಸೀಲ್ ಒಡೆದಿಲ್ಲ” ಅನ್ನುವ ಮಾತಿಗೂ ಮರುಳಾಗಬೇಡಿ. ಲಿಥಿಯಂ ಸೆಲ್ಲು ಬಳಸದೆ ಇಟ್ಟರೂ ಮುಪ್ಪಾಗುತ್ತದೆ; ಹತ್ತು ವರ್ಷ ಡಬ್ಬಿಯಲ್ಲಿದ್ದದ್ದು ಹೊಸದಲ್ಲ.

ಕೊಳ್ಳಲೇಬೇಕಾದರೆ, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಕಿತ್ತು, ಗಡಿಯಾರ ನೋಡಿಕೊಂಡು ಪೂರ್ತಿ ಖಾಲಿ ಮಾಡಿ. ಎರಡು ಮೂರು ಸಲ. ಪರದೆ ಮೇಲಿನ ಶೇಕಡಾವನ್ನು ನಂಬಬೇಡಿ.

ಬಸ್ಸಿನಲ್ಲಿ, ರೈಲಿನಲ್ಲಿ ಕೂತು ಕೆಲಸ ಮಾಡುವವರಿಗೆ ಈ ಲ್ಯಾಪ್‌ಟಾಪ್ ಕೊಳ್ಳಿ ಅಂತ ನಾನು ಹೇಳಲಾರೆ. ಮೇಜಿನ ಮೇಲೆ ಒಂದೇ ಕಡೆ ಇಟ್ಟು ಕನ್ನಡ ಟೈಪ್ ಮಾಡುವವರು ಎರಡು ಸಲ ಯೋಚಿಸೋದೇ ಬೇಡ. ನಾನು ಮೂರನೇ ಬ್ಯಾಟರಿಯ ದುಡ್ಡಿಗೆ ಇನ್ನಷ್ಟು ಸೇರಿಸಿ ಮೇಜಿನ ಕೆಳಗೆ ಒಂದು ಯುಪಿಎಸ್ ಇಟ್ಟಿದ್ದೇನೆ. ಕರೆಂಟು ಹೋದಾಗ ಅದು ಕೀಂ ಅನ್ನುತ್ತದೆ. ನಾನು ಕಂಟ್ರೋಲ್ ಎಸ್ ಒತ್ತಿ, ಹಿಡಿದ ಸಾಲು ಮುಗಿಸಿ ಏಳುತ್ತೇನೆ.