ಕಾಕಾನ ಪೋಸ್ಟ್‌ಪೇಯ್ಡ್ ನಂಬರಾ, ಹೊಸ ಪ್ರೀಪೇಯ್ಡ್ ಸಿಮ್ಮಾ?

ಬಾಗಲಕೋಟೆ ನವನಗರದಲ್ಲಿ ನಮ್ಮ ಕಾಕಾ ಅವರದ್ದು ಮೋಟಾರ್ ರಿವೈಂಡಿಂಗ್ ಅಂಗಡಿ. ಪುಣೆಗೆ ಮಗಳ ಮನೆಗೆ ಹೊರಟಾಗ ಅಂಗಡಿ ಕೀಲಿ ಜೊತೆ ಸಿಮ್ಮನ್ನೂ ನನ್ನ ಕೈಗಿಟ್ಟರು. "ಬಿಲ್ ಅಷ್ಟ ತುಂಬಕೋತ ಹೋಗು ತಮ್ಮಾ" ಅಂದರು. ನಾನು ಹೊಸ ಪ್ರೀಪೇಯ್ಡ್ ಸಿಮ್ ಒಂದನ್ನೂ ತಗೊಂಡೆ. ಎರಡನ್ನೂ ಒಂದೇ ಫೋನಿಗೆ ಹಾಕಿ ಎರಡು ತಿಂಗಳು ಬಳಸಿದೆ.

ದುಡ್ಡಿನಲ್ಲಿ ಪ್ರೀಪೇಯ್ಡೇ ಸೈ. ನಾನು ಆಗ ಹಾಕಿಸಿದ 299 ರೂಪಾಯಿ ರೀಚಾರ್ಜ್ 28 ದಿನಕ್ಕೆ ಮುಗಿಯುತ್ತಿತ್ತು. ಹಾಗಾಗಿ ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕಿತ್ತು. ಒಟ್ಟು 3,887. ಕಾಕಾ ಅವರ ಪ್ಲಾನ್ ಆಗ ತಿಂಗಳಿಗೆ 399 ಇತ್ತು. ಅದರ ಮೇಲೆ 18% ಜಿಎಸ್‌ಟಿ. ವರ್ಷಕ್ಕೆ ಹತ್ತಿರ ಹತ್ತಿರ 5,650. ನೆಟ್‌ವರ್ಕಿನಲ್ಲಿ ಏನೂ ಫರಕಿಲ್ಲ.

ಆದರೆ ಹೊಸ ನಂಬರಿಗೆ ಬಂದ ಗಿರಾಕಿ ಫೋನ್ ನಾಲ್ಕೋ ಐದೋ. ಹಳೆಯದು ಬೆಳಿಗ್ಗೆ ಆರಕ್ಕೇ ಶುರು. "ಮೋಟಾರ್ ಸುಟ್ಟೈತ್ರಿ, ಕಬ್ಬು ಒಣಗಾಕತ್ತೈತಿ, ಇವತ್ತ ಆಗತೈತೇನ್ರಿ?" ಸುತ್ತಲಿನ ಹೊಲಗಳ ಸ್ಟಾರ್ಟರ್ ಡಬ್ಬಿಗಳ ಮೇಲೆ ಕಾಕಾ ಹಳದಿ ಪೇಂಟಿನಲ್ಲಿ ಬರೆದ ನಂಬರ್ ಅದು. ಬಿಟ್ಟರೆ ಆ ರೈತರು ನಮ್ಮನ್ನು ಎಲ್ಲಿ ಹುಡುಕಬೇಕು?

ಹಾಗಂತ ಅವರ ಹೆಸರಲ್ಲೇ ಸಿಮ್ ನಡೆಸುವುದು ಬೇಡವೇ ಬೇಡ. ಅವರು ಪುಣೆಯಲ್ಲಿ ಬ್ಯಾಂಕಿನಲ್ಲಿ ನಿಂತರೆ ಒಟಿಪಿ ಇಲ್ಲಿ ನನಗೆ ಬರುತ್ತಿತ್ತು. ನನ್ನ ಕೈಯೆಲ್ಲ ವಾರ್ನಿಷ್. ಒರೆಸಿಕೊಂಡು ಫೋನ್ ಎತ್ತುವಷ್ಟರಲ್ಲಿ ಒಟಿಪಿ ಟೈಮ್ ಮುಗಿದಿರುತ್ತಿತ್ತು. ಬಿಲ್ ಬಾಕಿ ಬಿದ್ದರೆ ಕೇಳುವುದು ಅವರನ್ನೇ. ಆ ವಯಸ್ಸಿನಲ್ಲಿ ಅವರಿಗೆ ಆ ತಾಪತ್ರಯ ಯಾಕೆ, ಅಲ್ವಾ?

ಕಾಕಾ ದಸರೆಗೆ ಊರಿಗೆ ಬಂದಾಗ ಸಿಮ್ಮನ್ನು ನನ್ನ ಹೆಸರಿಗೆ ಬದಲಿಸಲು ಕೂತೆವು. ಮೊದಲು ಅವರ ಬ್ಯಾಂಕ್, ಆಧಾರ್, ಗ್ಯಾಸ್, ಎಲ್ಲಕ್ಕೂ ಅವರ ಹೊಸ ನಂಬರ್ ಕೊಟ್ಟೆವು. ಈ ಕೆಲಸ ಮುಗಿಯದೆ ಮುಂದೆ ಹೋಗಬೇಡಿ. ಆಮೇಲೆ ಬಾಕಿ ಚುಕ್ತಾ ಮಾಡಿ, ಇಬ್ಬರೂ ಆಧಾರ್ ಹಿಡಿದು ಕಂಪನಿ ಸ್ಟೋರಿಗೆ ಹೋದೆವು. ಅವರದ್ದು ಒಪ್ಪಿಗೆ ಸಹಿ, ನನ್ನದು ಕೆವೈಸಿ, ಅಂದರೆ ಗುರುತಿನ ಪರಿಶೀಲನೆ. ಈ ಅರ್ಜಿ ನಡೆಯುತ್ತಿರುವಾಗ ನಂಬರ್ ಪೋರ್ಟ್ ಮಾಡಲು, ಅಂದರೆ ಅದೇ ನಂಬರನ್ನು ಬೇರೆ ಕಂಪನಿಗೆ ಒಯ್ಯಲು, ಬರುವುದಿಲ್ಲ, ಅದಕ್ಕೆ ಸುಮ್ನೆ ಕಾದೆ.

ಈಗ ಸರ್ಕಾರದ ಸಂಚಾರ ಸಾಥಿ ವೆಬ್‌ಸೈಟಿನಲ್ಲಿ ನೋಡಿದರೆ ನನ್ನ ಹೆಸರಿನ ನಂಬರುಗಳಲ್ಲಿ ಅದೂ ಇದೆ. ಮುಂದಿನ ಬಿಲ್ ಕಟ್ಟಿದ ಕೂಡಲೇ 1900ಕ್ಕೆ ಮೆಸೇಜ್ ಕಳಿಸಿ, ಅದೇ ನಂಬರನ್ನು ಬೇರೆ ಕಂಪನಿಯ ಪ್ರೀಪೇಯ್ಡಿಗೆ ಪೋರ್ಟ್ ಮಾಡಿಸುತ್ತೇನೆ. ಸ್ಟಾರ್ಟರ್ ಡಬ್ಬಿ ಮೇಲಿನ ಪೇಂಟ್ ಹಾಗೇ ಇರಲಿ.