ಮೂರು ತಿಂಗಳಲ್ಲಿ ನಾಲ್ಕನೆಯ ಹಂತ: ಒಂದು ಚೀನೀ ಭಾಷಾ ಶಾಲೆಯ ಮಾತು ಮತ್ತು ನಡೆ

ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡು ಆನ್‌ಲೈನಿನಲ್ಲಿ ಮ್ಯಾಂಡರಿನ್ ಕಲಿಸುವ ಒಂದು ಖಾಸಗಿ ಶಾಲೆಯಲ್ಲಿ ಶುಲ್ಕ ಕಟ್ಟಿ ಕಲಿತ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಲ್ಲಿನ ಪಾಠದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಶಾಲೆ ವಿದ್ಯಾರ್ಥಿಗಳನ್ನು ಸೆಳೆಯಲು ಹೇಳುವ ಮಾತುಗಳ ಬಗ್ಗೆ, ಹಣ ಕೈಸೇರಿದ ಮೇಲೆ ಅವರನ್ನು ನಡೆಸಿಕೊಳ್ಳುವ ಬಗೆಯ ಬಗ್ಗೆ ನನ್ನ ತಕರಾರು ಗಂಭೀರವಾಗಿದೆ.

ಜಾಹೀರಾತಿನ ಮುಖ್ಯ ಭರವಸೆ, ಏನೂ ಗೊತ್ತಿಲ್ಲದವರೂ ಮೂರು ತಿಂಗಳಲ್ಲಿ ಎಚ್‌ಎಸ್‌ಕೆ ನಾಲ್ಕನೆಯ ಹಂತ ತಲುಪಬಹುದು ಎಂಬುದು. ಎಚ್‌ಎಸ್‌ಕೆ ಎಂದರೆ ಚೀನೀ ಮಾತೃಭಾಷೆಯಲ್ಲದವರಿಗಾಗಿ ಚೀನಾ ನಡೆಸುವ ಪ್ರಮಾಣಿತ ಪರೀಕ್ಷೆ. ಆರು ಹಂತಗಳ ಪದ್ಧತಿಯಲ್ಲಿ ಮೊದಲನೆಯದಕ್ಕೆ 150 ಪದ, ಎರಡನೆಯದಕ್ಕೆ 300, ಮೂರನೆಯದಕ್ಕೆ 600, ನಾಲ್ಕನೆಯದಕ್ಕೆ 1,200 ಪದ ಬೇಕು. 2021ರಲ್ಲಿ ಜಾರಿಗೆ ಬಂದ ಒಂಬತ್ತು ಹಂತಗಳ ಹೊಸ ಮಾನದಂಡದಲ್ಲಂತೂ ನಾಲ್ಕನೆಯ ಹಂತದ ಹೊತ್ತಿಗೆ ಪದಗಳ ಸಂಖ್ಯೆ 3,245ಕ್ಕೆ ಏರುತ್ತದೆ. ಶಾಲೆಯ ಮೂರು ತಿಂಗಳ ಕೋರ್ಸಿನಲ್ಲಿ ಇರುವುದು ಒಟ್ಟು 60 ಗಂಟೆಗಳ ತರಗತಿ. ಹಳೆಯ ಲೆಕ್ಕವನ್ನೇ ಹಿಡಿದರೂ ಗಂಟೆಗೆ 20 ಹೊಸ ಪದಗಳನ್ನು ಧ್ವನಿಯ ಏರಿಳಿತದೊಂದಿಗೆ, ಲಿಪಿಯೊಂದಿಗೆ, ಬಳಕೆಯೊಂದಿಗೆ ಮನದಟ್ಟು ಮಾಡಿಕೊಳ್ಳಬೇಕು. ಅದರ ಮೇಲೆ ಮೊದಲ ಎರಡು ಹಂತಗಳ ಪ್ರಶ್ನೆಪತ್ರಿಕೆಯಲ್ಲಿ ಲಿಪಿಯ ಜೊತೆಗೆ ಪಿನ್‌ಯಿನ್, ಅಂದರೆ ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಬರೆದ ರೂಪ ಕೂಡ ಇರುತ್ತದೆ. ಮೂರನೆಯದರಿಂದ ಆ ಆಸರೆ ಇರುವುದಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಚೀನಾದ ಶಿಕ್ಷಣ ಸಚಿವಾಲಯ 2018ರಲ್ಲಿ ಹೊರಡಿಸಿದ ಗುಣಮಟ್ಟದ ನಿಯಮಗಳ ಪ್ರಕಾರ, ಅಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳು ಪದವಿ ಮುಗಿಸುವ ಹೊತ್ತಿಗೆ ಮುಟ್ಟಬೇಕಾದ ಭಾಷಾ ಮಟ್ಟವೇ ನಾಲ್ಕನೆಯದು. ಚೀನಾದಲ್ಲೇ ವರ್ಷಗಟ್ಟಲೆ ಇದ್ದು, ಅಂಗಡಿಯಲ್ಲೂ ಹಾಸ್ಟೆಲಿನಲ್ಲೂ ಆ ಭಾಷೆ ಕೇಳುತ್ತಾ ಓದುವವರಿಗೆ ಕೊನೆಯ ಗುರಿಯಾಗಿರುವುದನ್ನು, ಕೆಲಸ ಮುಗಿಸಿ ರಾತ್ರಿ ಮೊಬೈಲಿನ ಮುಂದೆ ಕೂರುವವರಿಗೆ ಮೂರು ತಿಂಗಳಲ್ಲಿ ಕೊಡುತ್ತೇವೆ ಎನ್ನುವುದು ಶುದ್ಧ ಸುಳ್ಳು. ಈ ಸುಳ್ಳಿನಿಂದ ಆಗುವ ನಷ್ಟ ಬರೀ ಹಣದ್ದಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ನಮ್ಮ ಬ್ಯಾಚಿನಲ್ಲಿ ವೈದ್ಯಕೀಯ ಓದಲು ಚೀನಾಕ್ಕೆ ಹೊರಟಿದ್ದ ಹುಡುಗರು ಇದ್ದರು, ಅಲ್ಲಿಂದ ಬಿಡಿಭಾಗ ತರಿಸುವ ವ್ಯಾಪಾರಿಗಳೂ ಇದ್ದರು. ಎರಡನೆಯ ತಿಂಗಳಿಗೆ ಒಬ್ಬೊಬ್ಬರಾಗಿ ತರಗತಿ ಬಿಟ್ಟವರಲ್ಲಿ ಹೆಚ್ಚಿನವರು ಹೇಳಿದ್ದು ‘ಈ ಭಾಷೆ ನಮ್ಮ ತಲೆಗೆ ಹತ್ತುವುದಿಲ್ಲ’ ಎಂದು. ಅವರ ತಲೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಎಲ್ಲರ ಹಾಗೆ ಸಹಜ ವೇಗದಲ್ಲೇ ಕಲಿಯುತ್ತಿದ್ದರು. ಜಾಹೀರಾತು ಹಾಕಿಕೊಟ್ಟ ಸುಳ್ಳು ಅಳತೆಯಿಂದ ತಮ್ಮನ್ನು ತಾವೇ ದಡ್ಡರೆಂದು ತೀರ್ಮಾನಿಸಿಕೊಂಡರು.

ಶುಲ್ಕದ ವಿಷಯದಲ್ಲಿಯೂ ಪ್ರಾಮಾಣಿಕತೆ ಕಾಣಲಿಲ್ಲ. 60,000 ರೂಪಾಯಿಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಇಂದು ಮಧ್ಯರಾತ್ರಿಯವರೆಗೆ ಮಾತ್ರ 24,000 ಎಂದು ಗಡಿಯಾರ ಓಡಿಸುತ್ತಾರೆ. ಮರುದಿನ ನೋಡಿದರೆ ಅದೇ ಬೆಲೆ, ಹೊಸದಾಗಿ ಓಡುವ ಗಡಿಯಾರ. ಹಣ ಕಟ್ಟುವ ಕೊನೆಯ ಪುಟದಲ್ಲಿ ಶೇ 18ರ ಜಿಎಸ್‌ಟಿ ಸೇರಿ ಮೊತ್ತ 28,320 ಆಗುತ್ತದೆ, ‘ಉಚಿತ’ ಎಂದಿದ್ದ ಪುಸ್ತಕಗಳಿಗೆ ಸಾಗಣೆ ವೆಚ್ಚ ಬೇರೆ. ಹೀಗೆ ಸುಳ್ಳು ತುರ್ತು ಹುಟ್ಟಿಸುವುದು ಮತ್ತು ಬೆಲೆಯನ್ನು ಕಂತುಕಂತಾಗಿ ಬಯಲು ಮಾಡುವುದು, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದ 13 ಬಗೆಯ ಮೋಸದ ವಿನ್ಯಾಸಗಳ ಪಟ್ಟಿಯಲ್ಲೇ ಇವೆ. ಕೋರ್ಸಿನ ಕೊನೆಗೆ ಸಿಗುವ ‘ನಾಲ್ಕನೆಯ ಹಂತದ ಪ್ರಮಾಣಪತ್ರ’ ಕೂಡ ಶಾಲೆಯೇ ಮುದ್ರಿಸಿದ್ದು. ನಿಜವಾದ ಎಚ್‌ಎಸ್‌ಕೆ ಪರೀಕ್ಷೆಗೆ ಅಧಿಕೃತ ಕೇಂದ್ರದಲ್ಲಿ ಪ್ರತ್ಯೇಕವಾಗಿ ಹಣ ಕಟ್ಟಿ ಕೂರಬೇಕು. ಈ ವ್ಯತ್ಯಾಸವನ್ನು ಜಾಹೀರಾತು ಎಲ್ಲಿಯೂ ಹೇಳುವುದಿಲ್ಲ.

ನಮಗೆ ಪಾಠ ಮಾಡಿದ ಶಿಕ್ಷಕಿಯ ಬಗ್ಗೆ ಮಾತ್ರ ಒಳ್ಳೆಯ ಮಾತನ್ನೇ ಹೇಳಬೇಕು. ಪಿನ್‌ಯಿನ್‌ನಲ್ಲಿ ರೋಮನ್ ‘ಬಿ’ ಎಂದು ಬರೆಯುವ ಧ್ವನಿ ನಮ್ಮ ಅಲ್ಪಪ್ರಾಣ ‘ಪ’ಕ್ಕೆ ಹತ್ತಿರ, ‘ಪಿ’ ಎಂದು ಬರೆಯುವುದು ಮಹಾಪ್ರಾಣಕ್ಕೆ ಹತ್ತಿರ ಎಂದು ಅವರು ತೋರಿಸಿಕೊಟ್ಟ ಮೇಲೆ ಕನ್ನಡಿಗರಾದ ನಮಗೆ ಉಚ್ಚಾರಣೆ ಬಹಳ ಹಗುರವಾಯಿತು. ಧ್ವನಿಯ ಏರಿಳಿತದ ನಾಲ್ಕು ಬಗೆಗಳನ್ನೂ ತಾಳ್ಮೆಯಿಂದ ತಿದ್ದಿದರು. ಎಂಟು ಜನರ ಬ್ಯಾಚ್ ಎಂದು ನಂಬಿಸಿ ಅದರ ಎರಡರಷ್ಟಕ್ಕೂ ಹೆಚ್ಚು ಮಂದಿಯನ್ನು ತುಂಬಿದ್ದರಿಂದ ಪ್ರತಿಯೊಬ್ಬರ ಬಾಯಲ್ಲೂ ಮಾತು ಆಡಿಸಲು ಅವರಿಗೆ ಸಮಯವೇ ಸಿಗುತ್ತಿರಲಿಲ್ಲ.

ಗ್ರಾಹಕ ಸೇವೆಯಂತೂ ತೀರ ಕಳಪೆ. ಹಣ ಕಟ್ಟುವ ಮುಂಚೆ ಹೊತ್ತುಗೊತ್ತಿಲ್ಲದೆ ಕರೆ ಮಾಡಿ ‘ಸರ್, ನಿಮಗೋಸ್ಕರ ಸೀಟು ಹಿಡಿದಿಟ್ಟಿದ್ದೇವೆ’ ಎನ್ನುತ್ತಿದ್ದ ಕೌನ್ಸೆಲರ್, ಆಮೇಲೆ ಕರೆ ತೆಗೆದುಕೊಳ್ಳಲಿಲ್ಲ. ಬ್ಯಾಚಿನ ಗಾತ್ರದ ಬಗ್ಗೆ ಬರೆದ ಇಮೇಲ್‌ಗಳಿಗೆ ದೂರಿನ ಸಂಖ್ಯೆ ಬಂತೇ ಹೊರತು ಉತ್ತರ ಬರಲಿಲ್ಲ. ಆನ್‌ಲೈನ್ ವ್ಯವಹಾರಕ್ಕೆ ಅನ್ವಯಿಸುವ 2020ರ ನಿಯಮಗಳಂತೆ ದೂರು ಅಧಿಕಾರಿ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಪರಿಹರಿಸಬೇಕು. ಇಲ್ಲಿ ಆ ಅಧಿಕಾರಿ ಯಾರೆಂಬುದೇ ತಿಳಿಯಲಿಲ್ಲ. ‘ಏಳು ದಿನದೊಳಗೆ ಪೂರ್ತಿ ಹಣ ವಾಪಸ್’ ಎಂಬ ಮಾತಿನ ಅಡಿಯಲ್ಲಿ ಒಂದೇ ಒಂದು ತರಗತಿಗೆ ಹಾಜರಾದರೂ ಅದು ಅನ್ವಯಿಸದು ಎಂಬ ಷರತ್ತು ಇತ್ತು. ತರಗತಿಗೆ ಕೂರದೆ ಶಾಲೆ ಹೇಗಿದೆ ಎಂದು ತಿಳಿಯುವ ದಾರಿ ಯಾವುದು?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ, ಉಳಿದ ತರಗತಿಗಳ ಶುಲ್ಕದಲ್ಲಿ ಒಂದು ಭಾಗವನ್ನು ಶಾಲೆ ಹಿಂದಿರುಗಿಸಿತು. ‘ನೋಂದಣಿ ವೆಚ್ಚ’ ಎಂದು ಹಿಡಿದುಕೊಂಡ ಹಣಕ್ಕೆ ಲಿಖಿತ ವಿವರ ಕೇಳಿದ್ದೇನೆ, ಅದಿನ್ನೂ ಬಂದಿಲ್ಲ.