ಬಾಗಿದ ಬೋರ್ಡು, ಬೆರೆಯದ ಬೆಸುಗೆ: ಒಂದು ಪಿಸಿಬಿ ಅಸೆಂಬ್ಲಿ ಸೇವೆಯ ಬಗ್ಗೆ

ಆರು ಪದರಗಳ, 1 ಮಿ.ಮೀ. ದಪ್ಪದ, 200 ಮಿ.ಮೀ. ಉದ್ದದ ಪಿಸಿಬಿಯೊಂದನ್ನು (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡು), ಬಿಡಿಭಾಗಗಳನ್ನು ಕೂರಿಸಿ ಬೆಸೆದುಕೊಡುವ ಒಂದೇ ಅಸೆಂಬ್ಲಿ ಸೇವೆಯಿಂದ ಎರಡು ಸಲ ಮಾಡಿಸಿದ್ದೇನೆ. ಮೊದಲ ಬ್ಯಾಚು ನನ್ನ ನಿದ್ದೆ ಕೆಡಿಸಿತು, ಎರಡನೆಯದು ಸರಿಯಾಗಿ ಬಂತು. ತಪ್ಪಿನಲ್ಲಿ ನನ್ನ ಪಾಲೂ ಇರುವುದರಿಂದ ಸಂಸ್ಥೆಯ ಹೆಸರು ಬರೆಯುತ್ತಿಲ್ಲ.

ಮೊದಲ ಬ್ಯಾಚಿನ ಕೆಲವು ಬೋರ್ಡುಗಳಲ್ಲಿ, ಅಡಿಯಲ್ಲಿ ಕಾಲುಗಳ ಬದಲು ಬೆಸುಗೆಯ ಉಂಡೆಗಳಿರುವ ಬಿಜಿಎ ಚಿಪ್‌ನ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಬೋರ್ಡು ಚಾಲೂ ಆಗುತ್ತಿತ್ತು, ಬೆರಳು ತೆಗೆದೊಡನೆ ನಿಂತುಬಿಡುತ್ತಿತ್ತು. ಸೇವೆಯವರು ಕಳಿಸಿದ ಎಕ್ಸ್-ರೇ ಚಿತ್ರಗಳಲ್ಲಿ ಉಂಡೆಗಳೆಲ್ಲ ದುಂಡಗೆ, ತಮ್ಮ ತಮ್ಮ ಜಾಗದಲ್ಲೇ ಇದ್ದವು. ನೇರ ಮೇಲಿನಿಂದ ತೆಗೆದ ಚಿತ್ರದಲ್ಲಿ ಈ ದೋಷ ಸುಲಭವಾಗಿ ಕಾಣುವುದಿಲ್ಲ. ಓರೆಯಾಗಿ ತೆಗೆಯಿರಿ ಎಂದು ನಾನು ಪಟ್ಟುಹಿಡಿದ ಮೇಲೆಯೇ ಹೆಡ್-ಇನ್-ಪಿಲ್ಲೋ ಎಂಬುದು ಗೊತ್ತಾಯಿತು: ದಿಂಬಿನ ಮೇಲೆ ತಲೆಯಿಟ್ಟಂತೆ ಉಂಡೆ ಬೋರ್ಡಿಗೆ ಬಳಿದ ಬೆಸುಗೆ ಪೇಸ್ಟಿನ ಮೇಲೆ ಒರಗಿತ್ತು, ಅದರೊಂದಿಗೆ ಬೆರೆತಿರಲಿಲ್ಲ.

ಬರಿಯ ಬೋರ್ಡು ಸಮತಟ್ಟಾಗಿಯೇ ಇತ್ತು ಎಂಬುದು ಅವರ ಮೊದಲ ಉತ್ತರ, ಅದು ಸುಳ್ಳೇನಲ್ಲ. ಬಿಡಿಭಾಗಗಳನ್ನು ಮೇಲ್ಮೈಯಲ್ಲೇ ಬೆಸೆಯುವ ಸರ್ಫೇಸ್ ಮೌಂಟ್ ಬೋರ್ಡುಗಳಿಗೆ ಎಲೆಕ್ಟ್ರಾನಿಕ್ಸ್ ಉದ್ಯಮದ ಐಪಿಸಿ ಮಾನದಂಡ ಒಪ್ಪುವ ಬಾಗು ಶೇಕಡಾ 0.75, ಎಂದರೆ 200 ಮಿ.ಮೀ. ಉದ್ದಕ್ಕೆ 1.5 ಮಿ.ಮೀ. ಉಳಿದಿದ್ದ ಖಾಲಿ ಬೋರ್ಡೊಂದನ್ನು ಸಮತಟ್ಟಾದ ಸರ್ಫೇಸ್ ಪ್ಲೇಟಿನ ಮೇಲಿಟ್ಟು, ಸಂದು ಅಳೆಯುವ ಫೀಲರ್ ಗೇಜಿನ ಎಲೆಗಳನ್ನು ಅಂಚಿನಡಿ ಒಂದೊಂದಾಗಿ ತೂರಿಸಿ ನೋಡಿದೆ, 1 ಮಿ.ಮೀ. ಎಲೆ ಎಲ್ಲಿಯೂ ಒಳಗೆ ಹೋಗಲಿಲ್ಲ. ಆದರೆ ಬೆಸುಗೆ ಕೂಡುವುದು ಕೋಣೆಯ ತಾಪಮಾನದಲ್ಲಲ್ಲವಲ್ಲ! ಬೋರ್ಡಿನ ಒಡಲಾದ, ಗಾಜಿನ ನೂಲು ಮತ್ತು ಎಪಾಕ್ಸಿಯ ಸಾಮಾನ್ಯ ಎಫ್‌ಆರ್-4 ಹಲಗೆ 130–140 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗತೊಡಗುತ್ತದೆ, ಸೀಸರಹಿತ ಎಸ್‌ಎಸಿ305 ಪೇಸ್ಟು ಕರಗತೊಡಗುವುದೇ 217 ಡಿಗ್ರಿಯಲ್ಲಿ. ಅಷ್ಟು ಕಾದಾಗ ಬೋರ್ಡು ಒಂದು ಕಡೆ ತಿರುಚಿ, ಚಿಪ್ ಇನ್ನೊಂದು ಕಡೆ ಬಾಗಿದರೆ ಮೂಲೆಯ ಉಂಡೆಗಳು ಪೇಸ್ಟಿನಿಂದ ಮೇಲೇಳುತ್ತವೆ. ಉಂಡೆ, ಪೇಸ್ಟು ಎರಡೂ ಬೇರೆ ಬೇರೆಯಾಗಿಯೇ ಕರಗುತ್ತವೆ, ಅಷ್ಟರಲ್ಲಿ ಆಕ್ಸೈಡನ್ನು ತೊಳೆಯುವ ಫ್ಲಕ್ಸ್ ಮುಗಿದು ಉಂಡೆಯ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ತಣಿಯುವಾಗ ಅವು ಮತ್ತೆ ಒಂದನ್ನೊಂದು ಮುಟ್ಟಿದರೂ ಆ ಪೊರೆ ಬೆರೆಯಲು ಬಿಡುವುದಿಲ್ಲ.

ತಿರುಚುವಿಕೆಗೆ ಕಾರಣ ನನ್ನ ವಿನ್ಯಾಸದಲ್ಲೇ ಇತ್ತು: ಎರಡು ಬದಿಯ ತಾಮ್ರ ಸಮನಾಗಿಲ್ಲದಿದ್ದರೆ ಕಾದಾಗ ಬೋರ್ಡು ಬಾಗುತ್ತದೆ. ಎರಡನೆಯ ಪದರದ ತುಂಬ ಗ್ರೌಂಡಿನ ತಾಮ್ರ ಹರಡಿದ್ದೆ. ಅದಕ್ಕೆ ಸರಿಜೋಡಿಯಾಗಬೇಕಿದ್ದ ಐದನೆಯ ಪದರದಲ್ಲಿ ನಾಲ್ಕಾರು ಗೆರೆಗಳು ಬಿಟ್ಟರೆ ಏನೂ ಇರಲಿಲ್ಲ. ನನ್ನ ಆಕ್ಷೇಪವಿರುವುದು ಇಲ್ಲಿ: ತಯಾರಿಕೆಗೆ ಮುಂಚಿನ ತಪಾಸಣೆ ಎಂದು ಅವರು ಕಳಿಸಿದ ವರದಿಯಲ್ಲಿ ಗೆರೆಗಳ ಅಂತರ, ಸೋಲ್ಡರ್ ಮಾಸ್ಕಿನ (ಬೆಸುಗೆ ಹರಡದಂತೆ ತಡೆಯುವ ಲೇಪ) ಅಗಲ ಎಲ್ಲದರ ಮಾತೂ ಇತ್ತು, ಕಣ್ಣಿಗೆ ರಾಚುವಂತಿದ್ದ ಈ ಅಸಮತೋಲನದ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಾಲದೆಂಬಂತೆ, ಕೆಟ್ಟ ಬೋರ್ಡುಗಳಿಗೆ ಕೆಳಗಿನಿಂದ ಕಾವು ಕೊಡದೆ ಮೇಲಿನಿಂದಷ್ಟೇ ಬಿಸಿಗಾಳಿ ಹೊಡೆದು ದುರಸ್ತಿ ಮಾಡಿ ಕಳಿಸಿದರು. ಒಂದೇ ಮಗ್ಗುಲು ಕಾಯಿಸಿದರೆ ಬಾಗು ಇನ್ನಷ್ಟು ಹೆಚ್ಚುತ್ತದೆ; ಅವು ವಾರ ಕಳೆಯುವುದರೊಳಗೆ ಮತ್ತೆ ಕೆಟ್ಟವು.

ಎರಡನೆಯ ಬ್ಯಾಚನ್ನು ಅವರ ಪ್ರೊಸೆಸ್ ಎಂಜಿನಿಯರ್ ಒಬ್ಬರು ಖುದ್ದಾಗಿ ನೋಡಿಕೊಂಡರು, ಅಲ್ಲಿಂದ ಈ ಸೇವೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು. ಚಿಪ್‌ನ ಅಡಿಗೊಂದು, ಬೋರ್ಡಿನ ಅಂಚಿಗೊಂದು ತಾಪಮಾನ ಅಳೆಯುವ ಥರ್ಮೋಕಪಲ್ ಅಂಟಿಸಿ ಬೆಸುಗೆಯ ಓವನ್ನಿನಲ್ಲಿ ಹಾಯಿಸಿ, ಎರಡರ ಗ್ರಾಫನ್ನೂ ನನಗೆ ಕಳಿಸಿದರು. ಅಂಚುಗಳ ಮೇಲಷ್ಟೇ ನಿಂತು ನಡುವೆ ಜೋತುಬೀಳುತ್ತಿದ್ದ ಪ್ಯಾನೆಲ್ಲಿಗೆ (ಹಲವು ಬೋರ್ಡುಗಳು ಕೂಡಿದ ಹಾಳೆ) ಅಡಿಯಲ್ಲಿ ಪೂರ್ತಿ ಆಧಾರ ಕೊಡುವ ಪ್ಯಾಲೆಟ್ ಮಾಡಿಸಿದರು. ಕಾದಾಗ ಮಡಚಿಕೊಳ್ಳಲು ದಾರಿ ಮಾಡಿಕೊಡುತ್ತಿದ್ದ ವಿ-ಕಟ್ (ಬೋರ್ಡುಗಳನ್ನು ಬಿಡಿಸಲು ಕೊರೆಯುವ ಗೀರು) ತೆಗೆದು, ಸಣ್ಣ ಕೊಂಡಿಗಳು ಬೋರ್ಡುಗಳನ್ನು ಹಿಡಿದಿಡುವ ಟ್ಯಾಬ್ ರೂಟಿಂಗ್ ಹಾಕಿದರು. ಫ್ಲಕ್ಸ್ ಬೇಗ ಮುಗಿಯದಂತೆ ಪೇಸ್ಟು ಕರಗುವ ಮುಂಚೆ ಕಾಯಿಸುವ ಸೋಕ್ ಅವಧಿಯನ್ನು ಕಡಿಮೆ ಮಾಡಿದರು, ಪೇಸ್ಟು ಬಳಿಯುವ ಸ್ಟೆನ್ಸಿಲ್ಲಿನಲ್ಲಿ ಮೂಲೆಯ ಕಿಂಡಿಗಳನ್ನು ತುಸು ಹಿಗ್ಗಿಸಿದರು. ನಾನು ಐದನೆಯ ಪದರಕ್ಕೆ ತಾಮ್ರ ತುಂಬಿಸಿಕೊಟ್ಟೆ. ಇಷ್ಟನ್ನೂ ಒಟ್ಟಿಗೇ ಬದಲಿಸಿದ್ದರಿಂದ ಯಾವುದು ಎಷ್ಟು ಕೆಲಸ ಮಾಡಿತು ಎಂದು ಹೇಳಲಾರೆ. ಒಂದೊಂದಾಗಿ ಪರೀಕ್ಷಿಸುವಷ್ಟು ವ್ಯವಧಾನ ಇಬ್ಬರಿಗೂ ಇರಲಿಲ್ಲ.

ಕೆಲವು ಪುಟ್ಟ ಕೆಪಾಸಿಟರ್‌ಗಳು ಒಂದು ಕಾಲಿನ ಮೇಲೆ ಎದ್ದು ನಿಂತಿದ್ದ ದೋಷ, ಗ್ರೌಂಡಿನ ಕಡೆಯ ಪ್ಯಾಡಿಗೆ ಥರ್ಮಲ್ ರಿಲೀಫ್ (ಕಾವು ತಾಮ್ರದ ಹರವಿಗೆ ಬೇಗ ಹರಿದುಹೋಗದಂತೆ ತೆಳು ಗೆರೆಗಳ ಜೋಡಣೆ) ಕೊಟ್ಟ ಮೇಲೆ ಇಲ್ಲವಾಯಿತು.

ಕೈಕೆಲಸ, ಸಂವಹನ ಎರಡರಲ್ಲೂ ಅವರನ್ನು ಒಳ್ಳೆಯವರೆಂದೇ ಹೇಳುತ್ತೇನೆ. ಆದರೆ ತಾಪಮಾನದ ಗ್ರಾಫು, ಓರೆ ಎಕ್ಸ್-ರೇ ಎರಡೂ ಕೇಳಿದವರಿಗಷ್ಟೇ ಸಿಗುತ್ತವೆ, ಆದ್ದರಿಂದ ಆರ್ಡರಿನಲ್ಲೇ ಬರೆದು ಕೇಳಬೇಕು. ಮೂರನೆಯ ಬ್ಯಾಚನ್ನೂ ಅವರಿಗೇ ಕೊಟ್ಟಿದ್ದೇನೆ. ಈ ಸಲ ಬೋರ್ಡಿನ ವಿನ್ಯಾಸವಿರುವ ಗರ್ಬರ್ ಫೈಲುಗಳ ಜೊತೆಗೆ ಪ್ರತಿ ಪದರದಲ್ಲಿ ತಾಮ್ರ ಶೇಕಡಾ ಎಷ್ಟಿದೆ ಎಂಬ ಪಟ್ಟಿಯನ್ನೂ ಲಗತ್ತಿಸಿದ್ದೇನೆ.